ದಿ ಕ್ಯಾಸ್ಟ್‌ಲೆಸ್ ಕಲೆಕ್ಟಿವ್

ಚೆನ್ನೈನ ತಮಿಳು ಬ್ಯಾಂಡ್. ಗಾನಾ, ರಾಕ್ ಮತ್ತು ರ‍್ಯಾಪ್ ಬೆರೆಸಿ ಜಾತಿವಿರೋಧಿ ಹಾಡುಗಳನ್ನು ಕಟ್ಟುವುದಕ್ಕೆ ಹೆಸರಾದದ್ದು. ಚಿತ್ರನಿರ್ದೇಶಕ ಪಾ. ರಂಜಿತ್ ಅವರ ನೀಲಂ ಸಾಂಸ್ಕೃತಿಕ ಕೇಂದ್ರವೂ ಸಂಗೀತಗಾರ ತೆನ್ಮಾ ಅವರ ಮದ್ರಾಸ್ ರೆಕಾರ್ಡ್ಸ್ ಸಂಸ್ಥೆಯೂ ಸೇರಿ ಇದನ್ನು 2017ರ ಕೊನೆಯಲ್ಲಿ ಹುಟ್ಟುಹಾಕಿದವು. ಮೊದಲ ಕಾರ್ಯಕ್ರಮ 2018ರ ಜನವರಿ 6ರಂದು ಕಿಲ್ಪಾಕ್‌ನಲ್ಲಿ ನಡೆಯಿತು. 19 ಮಂದಿ ಕಲಾವಿದರು ಸೂಟು ತೊಟ್ಟು ವೇದಿಕೆ ಹತ್ತಿದಾಗ ಸಭೆಗಳ ಶಾಸ್ತ್ರೀಯ ಕಚೇರಿಗಳಿಗೆ ಮೀಸಲೆಂಬಂತಿರುವ ಮಾರ್ಗಳಿ ಮಾಸ ಇನ್ನೂ ಮುಗಿದಿರಲಿಲ್ಲ.

ತಂಡದ ಹೆಸರಿಗೆ ಮೂಲ, ಜಾತಿವಿರೋಧಿ ಚಿಂತಕ ಪಂಡಿತ ಅಯೋತಿದಾಸರು (1845–1914) ಬಳಕೆಗೆ ತಂದ 'ಜಾತಿಯಿಲ್ಲದ ತಮಿಳರು' ಎಂಬ ಮಾತು. ಅವರ ಶಾಕ್ಯ ಬೌದ್ಧ ಸಂಘಕ್ಕೆ ಕೋಲಾರ ಚಿನ್ನದ ಗಣಿಯ ಮಾರಿಕುಪ್ಪಂನಲ್ಲೂ ಶಾಖೆಯಿತ್ತು. ಹಾಗಾಗಿ ಈ ಬೇರಿನ ಒಂದು ಕವಲು ಕರ್ನಾಟಕದೊಳಗೂ ಹರಿದಿದೆ.

ಗಾನಾ ಎಂಬುದು ಉತ್ತರ ಚೆನ್ನೈನ ದುಡಿಯುವವರ ಕೇರಿಗಳ ಹಾಡು. ಸಾವಿನ ಮನೆಯ ಮುಂದೆ ರಾತ್ರಿಯಿಡೀ ಹಾಡುವುದು, ಸತ್ತವರ ಗುಣಗಾನವನ್ನು ನಿಂತಲ್ಲೇ ಕಟ್ಟುವುದು ಅದರ ರೂಢಿ. 1990ರ ದಶಕದಲ್ಲಿ ಸಂಗೀತ ನಿರ್ದೇಶಕ ದೇವಾ ಅದನ್ನು ಸಿನಿಮಾಕ್ಕೆ ತಂದು ಜನಪ್ರಿಯಗೊಳಿಸಿದರು. ಆದರೆ ತೆರೆಯ ಮೇಲೆ ಅದು ಬಹುಮಟ್ಟಿಗೆ ಮೋಜಿನ ಹಾಡಾಗಿಯೇ ಉಳಿಯಿತು. ಈ ತಂಡ ಅದಕ್ಕೆ ವಾದ ಮಾಡುವ ಬಾಯಿ ಕೊಟ್ಟಿತು: 'ಕೋಟಾ' ಹಾಡು ಮೀಸಲಾತಿಯನ್ನು ನೇರವಾಗಿ ಸಮರ್ಥಿಸುತ್ತದೆ, ಗೋಮಾಂಸ, ಮಲಹೊರುವ ಪದ್ಧತಿ, ಮರ್ಯಾದೆಯ ಹೆಸರಿನ ಕೊಲೆಗಳೂ ಹಾಡಿನ ವಸ್ತುಗಳಾಗಿವೆ. ಭಾಷೆ ಮದ್ರಾಸಿನ ಆಡುನುಡಿ. ಬೈಗುಳಕ್ಕೂ ತಮಾಷೆಗೂ ಅಲ್ಲಿ ಮಡಿಯಿಲ್ಲ.

ಗಿಟಾರು, ಡ್ರಮ್ಸ್ ಜೊತೆಗೆ ಪರೈ, ಸಟ್ಟಿಯಂಥ ಚರ್ಮವಾದ್ಯಗಳಿವೆ. ನಮ್ಮ ಹಲಗೆಯ ನಂಟಿನ ಪರೈ, ಶವಯಾತ್ರೆಯ ವಾದ್ಯವೆಂದು ಹೀಗಳೆಯಲ್ಪಟ್ಟದ್ದು. ರಾಕ್ ಹಾಡಿಗೆ ಜಾನಪದದ ಒಗ್ಗರಣೆ ಹಾಕುವ ತಂಡಗಳು ಬೇಕಾದಷ್ಟಿವೆ. ಇಲ್ಲಿ ನಡೆ ನಿರ್ಧರಿಸುವುದು ಪರೈ, ಗಿಟಾರು ಅದರ ಹಿಂದೆ. ಆದ್ದರಿಂದ ಇದನ್ನು ಬರಿಯ ರಾಕ್ ಬ್ಯಾಂಡ್ ಎನ್ನುವುದು ಅರೆಮಾತಾಗುತ್ತದೆ.

ಗಾಯಕರಲ್ಲಿ ಅರಕ್ಕೋಣಂನ ಅರಿವು ಮುಂದೆ 'ಎಂಜಾಯ್ ಎಂಜಾಮಿ' (2021) ಮೂಲಕ ದೇಶದಾದ್ಯಂತ ಪರಿಚಿತರಾದರು. ಗಂಡಸರದೇ ಮೇಲುಗೈಯಿದ್ದ ಗಾನಾದಲ್ಲಿ ಹೆಸರು ಮಾಡಿದ ಇಸೈವಾಣಿ 2020ರ ಬಿಬಿಸಿಯ ನೂರು ಮಹಿಳೆಯರ ಪಟ್ಟಿಯಲ್ಲಿದ್ದರು. ಅವರು ಹಾಡಿದ 'ಐ ಆ್ಯಮ್ ಸಾರಿ ಅಯ್ಯಪ್ಪ' ಶಬರಿಮಲೆಗೆ ಮಹಿಳೆಯರ ಪ್ರವೇಶದ ಚರ್ಚೆಯ ಕಾಲದ್ದು. 2024ರ ನವೆಂಬರಿನಲ್ಲಿ ಅದು ಮತ್ತೆ ವಿವಾದಕ್ಕೊಳಗಾಯಿತು. ನೀಲಂ ಕೇಂದ್ರ 2020ರ ಡಿಸೆಂಬರಿನಿಂದ 'ಮಾರ್ಗಳಿಯಿಲ್ ಮಕ್ಕಳಿಸೈ' ಎಂಬ ಜನಸಂಗೀತ ಉತ್ಸವವನ್ನೂ ಆರಂಭಿಸಿತು.