ಆಳಿದ ಖರ್ಚು ಯಾರ ಲೆಕ್ಕಕ್ಕೆ?

ಪತ್ರ ಬರೆಸಿದ ಕೂಲಿಯನ್ನೂ ಜೀತದಾಳಿನ ಸಾಲಕ್ಕೇ ಸೇರಿಸುವ ಸಾಹುಕಾರರನ್ನು ನಮ್ಮ ಕೇರಿಯ ಹಿರೀಕರು ಕಂಡವರೇ. ಅಂಥ ಲೆಕ್ಕವನ್ನು ಒಂದು ಸರಕಾರವೇ ಬರೆದರೆ ಹೇಗಿರುತ್ತೆ ಅಂತ ತಿಳಿಯೋಕೆ ಡಚ್ಚರು ಆಳಿದ ಜಾವಾ ದ್ವೀಪವನ್ನು ನೋಡಬೇಕು.

1825ರಿಂದ 1830ರವರೆಗೆ ದಿಪೊನೆಗೊರೊ ಎಂಬ ರಾಜಕುಮಾರನ ಹಿಂದೆ ಜಾವಾ ಜನ ಬಂಡೆದ್ದರು. ಸುಮಾರು ಎರಡು ಲಕ್ಷ ಜನ ಸತ್ತರು. ದಂಗೆ ಅಡಗಿತು, ಡಚ್ಚರ ಖಜಾನೆಯೂ ಬರಿದಾಯಿತು. ಅದೇ 1830ರಲ್ಲಿ ಬೆಲ್ಜಿಯಂ ಬೇರೆ ಅವರ ಕೈ ಬಿಟ್ಟಿತು. ಆಗ ಗವರ್ನರ್ ಜನರಲ್ ಆಗಿ ಬಂದ ವಾನ್ ಡೆನ್ ಬಾಸ್ ಒಂದು ಉಪಾಯ ಹೂಡಿದ: ಹಳ್ಳಿಯವರು ಕಂದಾಯಕ್ಕೆ ಬದಲಾಗಿ ನೆಲದ ಐದರಲ್ಲೊಂದು ಪಾಲಿನಲ್ಲಿ ಸರಕಾರ ಹೇಳಿದ ಕಬ್ಬು, ನೀಲಿ ಬೆಳೆಯಬೇಕು. ಕಾಫಿಗೆ ಗುಡ್ಡ ಹತ್ತಿ ದುಡಿಯಬೇಕು. ಐದರಲ್ಲೊಂದು ಅನ್ನೋದು ಕಾಗದದ ಮಾತು. ಎಷ್ಟೋ ಕಡೆ ಅದಕ್ಕಿಂತ ಹೆಚ್ಚು ನೆಲ ಹೋಯಿತು, ಕಂದಾಯವೂ ತಪ್ಪಲಿಲ್ಲ. ದುಡಿಸಿದ ಡಚ್ ಅಧಿಕಾರಿಗೂ ಊರ ಮುಖಂಡನಿಗೂ ಬೆಳೆಯ ಮೇಲೆ ಕಮಿಷನ್. (ನಮ್ಮ ಪಟೇಲ, ಶಾನುಭೋಗರನ್ನು ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.) 1849-50ರಲ್ಲಿ ಡೆಮಾಕ್, ಗ್ರೊಬೊಗಾನ್ ಸೀಮೆಗಳಲ್ಲಿ ಭತ್ತ ಬೆಳೆಯೋ ಜನವೇ ಅನ್ನವಿಲ್ಲದೆ ಸತ್ತರು.

ಇನ್ನು ಖಜಾನೆಯ ಕಡೆ ನೋಡಿ. ಗವರ್ನರನ ಸಂಬಳ, ಸಿಪಾಯಿಯ ಬಂದೂಕು, ಆಳುವ ಖರ್ಚೆಲ್ಲ ಜಾವಾದ ತಲೆಗೇ. ಅದನ್ನೆಲ್ಲ ಕಳೆದು ಉಳಿದದ್ದು ಹಾಲೆಂಡಿಗೆ. 1831ರಿಂದ 1877ರವರೆಗೆ ಹೀಗೆ ಹೋದದ್ದು 80 ಕೋಟಿ ಗಿಲ್ಡರಿಗೂ ಮಿಕ್ಕಿ. ಅದರಲ್ಲಿ ಅವರ ಹಳೇ ಸಾಲ ತೀರಿತು, ರೈಲು ಹಳಿ ಬಿತ್ತು.

ಇನ್ನೊಂದು ಬಾಬ್ತೂ ತೀರಿತು. ದಕ್ಷಿಣ ಅಮೆರಿಕದ ಸುರಿನಾಮ್ ಕೂಡ ಡಚ್ಚರದೇ ವಸಾಹತು. 1863ರ ಜುಲೈ 1ರಂದು ಅಲ್ಲಿ ಗುಲಾಮಗಿರಿ ರದ್ದಾಯಿತು. ಪರಿಹಾರ ಸಿಕ್ಕಿದ್ದು ಗುಲಾಮರಿಗಲ್ಲ, ಒಡೆಯರಿಗೆ: ತಲೆಗೆ 300 ಗಿಲ್ಡರ್. ಆ ಹಣ ಬಂದದ್ದು ಜಾವಾದ ಲಾಭದಿಂದ. ಬಿಡುಗಡೆಯಾದವರು ಮತ್ತೆ ಹತ್ತು ವರ್ಷ ಸರಕಾರದ ಕಾವಲಿನಲ್ಲಿ ತೋಟಗಳಲ್ಲೇ ದುಡಿಯಬೇಕಾಯಿತು. ಆ ಗಡುವು ಮುಗಿದ 1873ರಲ್ಲೇ ಕಲ್ಕತ್ತೆಯಿಂದ ಕರಾರಿನ ಕೂಲಿಗಳು ಹಡಗಿಳಿದರು. 1890ರಿಂದ ಜಾವಾದ ಬಡವರೂ ಬಂದರು. ಒಡೆಯರ ಜೇಬು ತುಂಬಿಸಿದವರ ಮೊಮ್ಮಕ್ಕಳೇ ಬಂದು ಅದೇ ತೋಟಗಳಲ್ಲಿ ಬೆನ್ನು ಬಗ್ಗಿಸಿದರು.

ಅಷ್ಟರಲ್ಲಿ ಸುಮಾತ್ರಾದ ಅಚೆ ಮೇಲೆ ಡಚ್ಚರು ಹೂಡಿದ ಯುದ್ಧ ಲಾಭವನ್ನೆಲ್ಲ ನುಂಗಿತ್ತು. 1949ರಲ್ಲಿ ಹೇಗ್ ನಗರದಲ್ಲಿ ಕೂತು ಇಂಡೋನೇಷ್ಯಾಕ್ಕೆ ಸ್ವಾತಂತ್ರ್ಯ ಕೊಡುವಾಗ ಅವರು ಲೆಕ್ಕದ ಪುಸ್ತಕವನ್ನೂ ಮುಂದಿಟ್ಟರು. ಹೊಸ ದೇಶದ ಹೆಗಲಿಗೆ ಬಿದ್ದದ್ದು 430 ಕೋಟಿ ಗಿಲ್ಡರ್ ಸಾಲ. ಅದೇ ಜನರ ಮೇಲೆ ಬಿಟ್ಟ ಸೈನ್ಯದ ಖರ್ಚೂ ಅದರಲ್ಲಿ ಸೇರಿತ್ತು. ಉಳಿದ ಬಾಕಿ ಕೊಡೋದಿಲ್ಲ ಅಂತ ಇಂಡೋನೇಷ್ಯಾ ಹೇಳಿದ್ದು 1956ರಲ್ಲಿ.