ಚಂದ್ರನ ಕುಳಿಗಳ ವೀಕ್ಷಣೆ ಮತ್ತು ಛಾಯಾಗ್ರಹಣ: ಸಾಗರ, ಹೊಸನಗರ, ತೀರ್ಥಹಳ್ಳಿ

ಕ್ಷುದ್ರಗ್ರಹಗಳೂ ಉಲ್ಕೆಗಳೂ ಬಡಿದು ಚಂದ್ರನಲ್ಲಿ ಉಂಟಾದ ಕುಳಿಗಳನ್ನು ನೋಡಲು ಮಲೆನಾಡು ತಕ್ಕ ಜಾಗವಲ್ಲ ಎನಿಸುವುದು ಸಹಜ. ಆಗುಂಬೆ, ಹುಲಿಕಲ್‌ಗಳ ಮಳೆ, ಶರಾವತಿ ಹಿನ್ನೀರಿನ ಮಂಜು, ಸುತ್ತ ಗುಡ್ಡ, ಮರ. ಆದರೆ ಈ ಮೂರೂ ತಾಲ್ಲೂಕುಗಳು 14 ಡಿಗ್ರಿ ಉತ್ತರ ಅಕ್ಷಾಂಶದ ಆಸುಪಾಸಿನಲ್ಲಿವೆ. ಚಂದ್ರ ದಕ್ಷಿಣಕ್ಕೆ ಎಷ್ಟೇ ಸರಿದರೂ, ಆ ದಿನದ ಅತಿ ಎತ್ತರದ ಸ್ಥಾನದಲ್ಲಿ ದಿಗಂತದಿಂದ ಸುಮಾರು 46 ಡಿಗ್ರಿಗಿಂತ ಕೆಳಗಿರುವುದಿಲ್ಲ. ಹಾಗಾಗಿ ಅಡಿಕೆ ತೋಟದ ನಡುವಿನ ಅಂಗಳವೂ ಸಾಕು. ಮಳೆಗಾಲ ಕಸಿಯುವುದೂ ಹೆಚ್ಚಿನದನ್ನಲ್ಲ: ಆಷಾಢದಿಂದ ಶುಕ್ಲ ಅಷ್ಟಮಿಯ ಚಂದ್ರ ತಿಂಗಳು ತಿಂಗಳಿಗೂ ದಕ್ಷಿಣಕ್ಕೆ ಜಾರಿ, ಭಾದ್ರಪದದಲ್ಲಿ ಜ್ಯೇಷ್ಠಾ, ಮೂಲಾ ನಕ್ಷತ್ರಗಳ ಬಳಿ ತೀರ ತಗ್ಗಿನಲ್ಲಿರುತ್ತಾನೆ. ಫಾಲ್ಗುಣದಲ್ಲಿ ಅದೇ ಅಷ್ಟಮಿ ಚಂದ್ರ ರೋಹಿಣಿ, ಮೃಗಶಿರಗಳ ಬಳಿ, ಸಂಜೆಗೇ ನೆತ್ತಿಯ ಸನಿಹ. ಆ ಹೊತ್ತಿಗೆ ಅಡಿಕೆ ಒಣಗಿಸುವ ಚಪ್ಪರ ಕಳಚಿ ಅಂಗಳ ತೆರವಾಗಿರುತ್ತದೆ, ಇಬ್ಬನಿಯೂ ಕಡಿಮೆ. ನಿಜವಾದ ನಷ್ಟ ಕೃಷ್ಣಪಕ್ಷದ್ದು. ಅದರ ಬೆಳಗಿನ ಜಾವಗಳನ್ನು ಚಳಿಗಾಲದಲ್ಲಿ ಮಂಜು ನುಂಗುತ್ತದೆ.

ಹುಣ್ಣಿಮೆಯಲ್ಲಿ ನೆರಳಿಲ್ಲದೆ ಕುಳಿಗಳು ಚಪ್ಪಟೆಯಾಗಿ ಕಾಣುತ್ತವೆ. ಟೈಕೋದಂಥ ಕುಳಿಗಳಿಂದ ಚಿಮ್ಮಿದ ಬಿಳಿ ಕಿರಣಗಳಿಗಷ್ಟೇ ಅದು ಒಳ್ಳೆಯ ದಿನ. ಆಳ ತೋರುವುದು ಬೆಳಕು ಕತ್ತಲು ಕೂಡುವ ಗೆರೆಯ ಬಳಿ. ಆ ಗೆರೆ ಚಂದ್ರನ ಸಮಭಾಜಕದಲ್ಲಿ ಗಂಟೆಗೆ ಸುಮಾರು 15 ಕಿ.ಮೀ. ಸರಿಯುತ್ತದೆ. ನೆರಳಿನ ಉದ್ದವನ್ನು ಸೂರ್ಯನ ಎತ್ತರದ ಟ್ಯಾಂಜೆಂಟ್‌ನಿಂದ ಗುಣಿಸಿದರೆ ಅಂಚಿನ ಎತ್ತರ ಸಿಗುತ್ತದೆ. ಕೋಪರ್ನಿಕಸ್ ಕುಳಿಯ ಅಗಲ 93 ಕಿ.ಮೀ., ಆಳ ಸುಮಾರು 3.8 ಕಿ.ಮೀ. ದಶಮಿಯಂದು ಅಲ್ಲಿ ಸೂರ್ಯ 5 ಡಿಗ್ರಿ ಏರಿದಾಗ ನೆರಳು 43 ಕಿ.ಮೀ. ಚಾಚಿ ಕುಳಿಯ ಅರ್ಧದಷ್ಟನ್ನು ಮುಚ್ಚುತ್ತದೆ. 10 ಡಿಗ್ರಿ ಏರುವಷ್ಟರಲ್ಲಿ ಅದೂ ಅರ್ಧಕ್ಕಿಳಿಯುತ್ತದೆ. ಆದ್ದರಿಂದ ಚಿತ್ರದ ಜೊತೆ ಗಂಟೆ, ನಿಮಿಷ ಬರೆದಿಡದಿದ್ದರೆ ಅದು ಅಳತೆಗೆ ಬಾರದು. 150 ಮಿ.ಮೀ. ದೂರದರ್ಶಕ, ಗಾಳಿ ನಿಶ್ಚಲವಿದ್ದರೆ, ಸುಮಾರು ಒಂದೂವರೆ ಕಿ.ಮೀ. ವಿವರ ಬಿಡಿಸುತ್ತದೆ. ಕಿರು ವಿಡಿಯೊ ತೆಗೆದು, ಅದರ ಸ್ಪಷ್ಟ ಚೌಕಟ್ಟುಗಳನ್ನಷ್ಟೇ ಆರಿಸಿ ಒಂದರ ಮೇಲೊಂದು ಪೇರಿಸುವುದು ವಾಡಿಕೆ. ಹಗಲಿಡೀ ಕಾದ ಹಂಚಿನ ಮಾಡಿನ ಮೇಲಿಂದ ಗುರಿಯಿಟ್ಟರೆ ಏಳುವ ಬಿಸಿಗಾಳಿ ಕುಳಿಯ ಅಂಚನ್ನು ನಡುಗಿಸುತ್ತದೆ.

ಚಂದ್ರಯಾನ-2ರ ಕ್ಯಾಮೆರಾ ಕಾಲು ಮೀಟರಿನ ವಿವರವನ್ನೇ ತೋರಿಸುವಾಗ ಅಂಗಳದ ಚಿತ್ರವೇಕೆ ಎಂಬ ಆಕ್ಷೇಪಕ್ಕೆ ತೂಕವಿದೆ. ಹೊಸ ವಿವರ ಅಂಗಳದಿಂದ ದಕ್ಕುವುದು ವಿರಳ. ಆದರೆ ನೌಕೆಯ ಅಳತೆಯನ್ನು ಸ್ವತಃ ಪರೀಕ್ಷಿಸಬಹುದು. ವಿಕ್ರಮ್ ಸಾರಾಭಾಯಿ ಹೆಸರಿನ, ಸುಮಾರು 8 ಕಿ.ಮೀ. ಅಗಲದ ಕುಳಿಯ ಚಿತ್ರವನ್ನು 2020ರ ಜುಲೈ 30ರಂದು ಚಂದ್ರಯಾನ-2 ತೆಗೆಯಿತು; ಅದರಿಂದ ಆಳ ಸುಮಾರು 1.7 ಕಿ.ಮೀ. ಎಂದು ತಿಳಿಯಿತು. ಶುಕ್ಲ ಅಷ್ಟಮಿಯಂದು ಆ ಕುಳಿಯ ನೆರಳಿನ ತುದಿ ನಡುಭಾಗಕ್ಕೆ ಬರುತ್ತದೆ. ಅಂಗಳದ ಚಿತ್ರದಲ್ಲಿ ಅದನ್ನಳೆದರೆ ದೋಷ ದೊಡ್ಡದೇ ಇರುತ್ತದೆ, ಆದರೂ ಒಂದೇ ಕುಳಿಯನ್ನು ಹಲವು ಅಷ್ಟಮಿಗಳಲ್ಲಿ ಅಳೆದು ಸರಾಸರಿ ತೆಗೆದರೆ ಅದು ಕುಗ್ಗುತ್ತದೆ.