ಡೆನ್ಮಾರ್ಕ್ ಸ್ಟ್ರೀಟಿನ ಕೊನೆಯ ಕಸುಬುದಾರ

ಎಲ್ಟನ್ ಜಾನ್ ಎಂದೊಡನೆ ಕಣ್ಣಿಗೆ ಕಟ್ಟುವುದು ವೇಷ. ಹರಳು ಕೂರಿಸಿದ ಭಾರಿ ಕನ್ನಡಕ, ಗರಿಯ ಉಡುಪು, 1975ರ ಅಕ್ಟೋಬರಿನಲ್ಲಿ ಲಾಸ್ ಏಂಜಲೀಸಿನ ಡಾಡ್ಜರ್ ಕ್ರೀಡಾಂಗಣದಲ್ಲಿ ತೊಟ್ಟ ಮಿರುಗುವ ಬೇಸ್‌ಬಾಲ್ ಸಮವಸ್ತ್ರ. ವೇಷದ ಬೆನ್ನಿಗೇ ಕುಡಿತ, ಕೊಕೇನು, 1990ರಲ್ಲಿ ಎರಡನ್ನೂ ಬಿಟ್ಟು ಚೇತರಿಸಿಕೊಂಡ ಕಥೆ ಬರುತ್ತದೆ. 2019ರ ‘ರಾಕೆಟ್‌ಮನ್’ ಚಿತ್ರ ಹಿಡಿದದ್ದೂ ಇದೇ ದಾರಿಯನ್ನು. ಕಥೆ ಸುಳ್ಳಲ್ಲ. ಆದರೆ ಇಷ್ಟನ್ನೇ ಹೇಳಿದರೆ ಒಂದು ಪ್ರಶ್ನೆಗೆ ಉತ್ತರ ಸಿಗುವುದಿಲ್ಲ: ಅದೇ ಕಾಲದಲ್ಲಿ ಅಷ್ಟೇ ಕುಡಿದ, ಅಷ್ಟೇ ಮಿಂಚಿದ ಹತ್ತಾರು ಗಾಯಕರಿದ್ದರಲ್ಲ, ಅವರಿಗೆ ದಕ್ಕದ ಬಾಳಿಕೆ ಇವರ ಹಾಡುಗಳಿಗೆ ಹೇಗೆ ದಕ್ಕಿತು? ನನ್ನ ಉತ್ತರ ಸ್ವಲ್ಪ ಒಣ ಎನಿಸಬಹುದು. ಎಲ್ಟನ್ ಜಾನ್ ಹೊಸ ಯುಗದ ಬಂಡಾಯಗಾರರಲ್ಲ. ಲಂಡನ್ನಿನ ಹಳೆಯ ಹಾಡು ಕಟ್ಟುವ ಕಸುಬು ಕಣ್ಣು ಮುಚ್ಚುವ ಹೊತ್ತಿಗೆ ಅದರೊಳಗೆ ಪಳಗಿ, ಅದರ ಕ್ರಮವನ್ನು ಹೊಸ ಕಾಲದ ಅಂಗಿಯೊಳಗೆ ಅಡಗಿಸಿ ದಾಟಿಸಿದ ಕೊನೆಯ ದೊಡ್ಡ ಕಸುಬುದಾರ.

ಆ ಕಸುಬಿನ ತವರು ಡೆನ್ಮಾರ್ಕ್ ಸ್ಟ್ರೀಟ್, ಚೇರಿಂಗ್ ಕ್ರಾಸ್ ರಸ್ತೆಗೆ ಅಂಟಿಕೊಂಡ ಗೇಣುದ್ದದ ಬೀದಿ. ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಲಾರೆನ್ಸ್ ರೈಟ್ ಎಂಬ ಪ್ರಕಾಶಕರು ಅಲ್ಲಿ ಅಂಗಡಿ ಹೂಡಿದ ಮೇಲೆ ಸಂಗೀತ ಪ್ರಕಾಶಕರು ಒಬ್ಬರ ಹಿಂದೊಬ್ಬರು ಬಂದರು. ‘ಮೆಲೊಡಿ ಮೇಕರ್’ ಪತ್ರಿಕೆಯನ್ನು 1926ರಲ್ಲಿ ಶುರುಮಾಡಿದವರೂ ರೈಟರೇ. ಅಲ್ಲಿನ ವ್ಯವಹಾರ ಸರಳವಾಗಿತ್ತು. ಒಬ್ಬ ಪದ ಬರೆಯುತ್ತಾನೆ, ಇನ್ನೊಬ್ಬ ಧಾಟಿ ಹಾಕುತ್ತಾನೆ. ಪ್ರಕಾಶಕ ಹಕ್ಕು ಕೊಂಡು ಸ್ವರಲಿಪಿಯ ಹಾಳೆ ಅಚ್ಚು ಹಾಕಿಸುತ್ತಾನೆ. ಅವನ ಕಡೆಯವರು ವಾದ್ಯತಂಡಗಳಿಗೂ ಬಿಬಿಸಿಗೂ ಹಾಡನ್ನು ದಾಟಿಸಲು ಓಡಾಡುತ್ತಾರೆ. ಹಾಡುವವನು ಬರುವುದು ಎಲ್ಲರಿಗಿಂತ ಕೊನೆಗೆ. ಗಿರಾಕಿಗೆ ಹಾಡನ್ನು ನುಡಿಸಿ ತೋರಿಸಲೇಬೇಕಾದ್ದರಿಂದ ಪ್ರಕಾಶಕರ ಕಚೇರಿಗಳಲ್ಲಿ ಪಿಯಾನೊ ಇರುತ್ತಿತ್ತು. ಈ ಸಾಲುಮನೆಯನ್ನು ಅಲುಗಿಸಿದವರು ಬೀಟಲ್ಸ್ ಮತ್ತು ಬಾಬ್ ಡಿಲನ್. ಹಾಡುವವನೇ ಬರೆಯಬೇಕು, ಬರೆದದ್ದು ಅವನ ಎದೆಯ ಮಾತಾಗಿರಬೇಕು ಎಂಬ ನಿರೀಕ್ಷೆ ಅವರಿಂದ ಹುಟ್ಟಿತು. ತಮಾಷೆಯೆಂದರೆ ಬೀಟಲ್ಸ್ ಹಾಡುಗಳ ಪ್ರಕಾಶಕ ಡಿಕ್ ಜೇಮ್ಸ್ ಸ್ವತಃ ಹಳೆಯ ಪಡಸಾಲೆಯ ಮನುಷ್ಯ. ಡ್ಯಾನ್ಸ್ ಬ್ಯಾಂಡುಗಳಲ್ಲಿ ಹಾಡುತ್ತಿದ್ದವರು, ಟೀವಿ ಧಾರಾವಾಹಿಯ ರಾಬಿನ್ ಹುಡ್ ಗೀತೆಯನ್ನು 1956ರಲ್ಲಿ ಜನಪ್ರಿಯಗೊಳಿಸಿದವರು.

1947ರ ಮಾರ್ಚ್ 25ರಂದು ಲಂಡನ್ನಿನ ಹೊರವಲಯದ ಪಿನ್ನರಿನಲ್ಲಿ ಹುಟ್ಟಿದ ರೆಜಿನಾಲ್ಡ್ ಕೆನೆತ್ ಡ್ವೈಟ್ ಈ ಕಸುಬಿಗೆ ಹೇಳಿಮಾಡಿಸಿದ ಹುಡುಗ. ತಂದೆ ವಾಯುಪಡೆಯಲ್ಲಿದ್ದವರು, ಡ್ಯಾನ್ಸ್ ಬ್ಯಾಂಡಿನಲ್ಲಿ ಕಹಳೆ ಊದಿದ್ದವರು. ಮಗ ಕಿವಿಯಲ್ಲಿ ಕೇಳಿದ್ದನ್ನು ಬೆರಳಿನಲ್ಲಿ ಹೇಳುತ್ತಿದ್ದ. ಹನ್ನೊಂದರ ವಯಸ್ಸಿಗೆ ರಾಯಲ್ ಅಕಾಡೆಮಿ ಆಫ್ ಮ್ಯೂಸಿಕ್‌ನ ಕಿರಿಯರ ವಿಭಾಗಕ್ಕೆ ವಿದ್ಯಾರ್ಥಿವೇತನ ಸಿಕ್ಕಿತು. ಶನಿವಾರದ ತರಗತಿಗಳು ಸುಮಾರು ಐದು ವರ್ಷ ನಡೆದವು. ಹ್ಯಾಂಡೆಲ್‌ನ ನಾಲ್ಕು ಪುಟದ ಕೃತಿಯನ್ನು ಗುರು ಒಮ್ಮೆ ನುಡಿಸಿದ್ದೇ ತಡ, ಹುಡುಗ ಹಾಗೆ ಹಾಗೆಯೇ ಮರಳಿ ನುಡಿಸಿದನೆಂಬುದು ಅಲ್ಲಿನ ಪ್ರಸಿದ್ಧ ಸಂಗತಿ. ಆದರೆ ಅಕಾಡೆಮಿಗಿಂತ ಹೆಚ್ಚು ಕಲಿಸಿದ್ದು ನಾರ್ತ್‌ವುಡ್ ಹಿಲ್ಸ್‌ನ ಪಬ್ಬು ಎಂದೇ ನಾನು ತಿಳಿಯುತ್ತೇನೆ. ಹದಿನೈದರ ಹುಡುಗ ವಾರಾಂತ್ಯದ ರಾತ್ರಿಗಳಲ್ಲಿ ಅಲ್ಲಿ ಕೂತು ಜಿಮ್ ರೀವ್ಸ್, ರೇ ಚಾರ್ಲ್ಸ್, ಕುಡುಕರು ಒಟ್ಟಾಗಿ ಕೂಗುವ ಹಳೆಯ ಪದಗಳು ಎಲ್ಲವನ್ನೂ ನುಡಿಸಬೇಕಿತ್ತು. ಗದ್ದಲದಲ್ಲೂ ಕೇಳುವಂತೆ ಎಡಗೈ ಗಟ್ಟಿಯಾಗಬೇಕು, ಧಾಟಿ ಎರಡನೆಯ ಸಾಲಿಗೇ ಹಿಡಿಸಬೇಕು, ಇಲ್ಲದಿದ್ದರೆ ಜನ ಬೆನ್ನು ತಿರುಗಿಸುತ್ತಾರೆ. ಮುಂದಿನ ಹಾಡುಗಳ ಗುಣವೆಲ್ಲ ಇದರಲ್ಲೇ ಇದೆ. 1965ರಲ್ಲಿ ಅಂತಿಮ ಪರೀಕ್ಷೆಗೆ ಮೊದಲೇ ಶಾಲೆ ಬಿಟ್ಟು ಸೇರಿದ್ದೂ ಡೆನ್ಮಾರ್ಕ್ ಸ್ಟ್ರೀಟಿನ ಮಿಲ್ಸ್ ಮ್ಯೂಸಿಕ್ ಎಂಬ ಪ್ರಕಾಶನವನ್ನೇ. ಕೆಲಸ ಪೊಟ್ಟಣ ಕಟ್ಟುವುದು, ಅಂಚೆಗೆ ಒಯ್ಯುವುದು, ಚಹಾ ತರುವುದು. ರಾತ್ರಿ ಬ್ಲೂಸಾಲಜಿ ಎಂಬ ತಂಡದಲ್ಲಿ, ಪ್ರವಾಸ ಬಂದ ಅಮೆರಿಕದ ಸೋಲ್ ಗಾಯಕರ ಹಿಂದೆ ಕೂತು ನುಡಿಸುವುದು. ಆ ತಂಡದ ಸ್ಯಾಕ್ಸೊಫೋನ್ ವಾದಕ ಎಲ್ಟನ್ ಡೀನ್, ಗಾಯಕ ಲಾಂಗ್ ಜಾನ್ ಬಾಲ್ಡ್ರಿ ಇವರಿಬ್ಬರಿಂದ ಒಂದೊಂದು ತುಂಡು ಎತ್ತಿಕೊಂಡು ಹೊಸ ಹೆಸರಾಯಿತು.

1967ರಲ್ಲಿ ಲಿಬರ್ಟಿ ರೆಕಾರ್ಡ್ಸ್ ಪ್ರತಿಭಾವಂತರು ಬೇಕೆಂದು ‘ನ್ಯೂ ಮ್ಯೂಸಿಕಲ್ ಎಕ್ಸ್‌ಪ್ರೆಸ್’ನಲ್ಲಿ ಜಾಹೀರಾತು ಕೊಟ್ಟಿತು. ಪರೀಕ್ಷೆಯಲ್ಲಿ ಎಲ್ಟನ್ ಫೇಲು. ತನಗೆ ಪದ ಬರೆಯಲು ಬರುವುದಿಲ್ಲವೆಂದು ಹೇಳಿಕೊಂಡಾಗ ಕಂಪನಿಯ ರೇ ವಿಲಿಯಮ್ಸ್ ಒಂದು ಲಕೋಟೆ ಎತ್ತಿ ಕೊಟ್ಟರು. ಅದರೊಳಗಿದ್ದವು ಲಿಂಕನ್‌ಶೈರಿನ ಹಳ್ಳಿಗಾಡಿನಿಂದ ಅದೇ ಜಾಹೀರಾತಿಗೆ ಬಂದ ಹದಿನೇಳರ ಬರ್ನಿ ಟಾಪಿನ್ ಬರೆದ ಪದ್ಯಗಳು. ಕೋಳಿ ಫಾರಂನಲ್ಲಿ ದುಡಿದಿದ್ದ ಈ ಹುಡುಗನಿಗೆ ಸ್ವರ ಗೊತ್ತಿರಲಿಲ್ಲ. ಇಬ್ಬರೂ ಭೇಟಿಯಾಗುವ ಮೊದಲೇ ಹಾಡುಗಳು ಹುಟ್ಟಿದ್ದವು. ಆ ವರ್ಷದ ಕೊನೆಗೆ ಡಿಕ್ ಜೇಮ್ಸ್ ಇಬ್ಬರನ್ನೂ ವಾರಕ್ಕೆ ಹತ್ತು ಹದಿನೈದು ಪೌಂಡಿನ ಮುಂಗಡಕ್ಕೆ ಗೊತ್ತುಮಾಡಿಕೊಂಡರು. ಇಬ್ಬರೂ ಇಪ್ಪತ್ತೊಂದು ತುಂಬದವರಾದ್ದರಿಂದ ಕರಾರಿಗೆ ಹಿರಿಯರ ರುಜು ಬೇಕಾಯಿತು. ಮಾಡಬೇಕಾದ ಕೆಲಸ ಇತರ ಗಾಯಕರಿಗೆ ಹಾಡು ಕಟ್ಟಿಕೊಡುವುದು. 1969ರ ಯೂರೊವಿಷನ್ ಸ್ಪರ್ಧೆಗೆ ಬ್ರಿಟನ್ನಿನ ಹಾಡು ಆರಿಸಲು ಗಾಯಕಿ ಲುಲು ಆರು ಹಾಡುಗಳನ್ನು ಹಾಡಿದರು. ಎಲ್ಟನ್-ಟಾಪಿನ್ ಕಟ್ಟಿದ್ದು ಜನರ ಮತದಲ್ಲಿ ಆರನೆಯದಾಯಿತು. ಹೊಟ್ಟೆಪಾಡಿಗೆ ಎಲ್ಟನ್ ಅಗ್ಗದ ನಕಲು ರೆಕಾರ್ಡುಗಳಲ್ಲಿ ಆ ವಾರದ ಜನಪ್ರಿಯ ಹಾಡುಗಳನ್ನು ಮೂಲ ಗಾಯಕರ ದನಿಯಲ್ಲೇ ಹಾಡಿದರು. ‘ದಿ ಹಾಲೀಸ್’ ತಂಡದ ‘ಹೀ ಏಂಟ್ ಹೆವಿ, ಹೀಸ್ ಮೈ ಬ್ರದರ್’ ಹಾಡಿನಲ್ಲಿ ಕೇಳುವ ಪಿಯಾನೊ ಇವರದೇ. ಯಾರ ಕಂಠಕ್ಕೆ ಯಾವ ಧಾಟಿ ಒಪ್ಪುತ್ತದೆ, ಒಂದು ಹಾಡು ಎಲ್ಲಿ ಕೊಂಡಿ ಹಾಕುತ್ತದೆ ಎಂಬುದು ಇಂಥ ಚಿಲ್ಲರೆ ಚಾಕರಿಯಲ್ಲಿ ತಿಳಿದಷ್ಟು ಬೇರೆಲ್ಲೂ ತಿಳಿಯುವುದಿಲ್ಲ.

ಇಲ್ಲಿ ಒಂದು ಗಟ್ಟಿ ಆಕ್ಷೇಪವಿದೆ. ಜೇಮ್ಸ್ ಸಂಸ್ಥೆಯಲ್ಲಿದ್ದ ಸ್ಟೀವ್ ಬ್ರೌನ್ ಎಂಬವರು ಇವರಿಬ್ಬರನ್ನೂ ಕೂರಿಸಿಕೊಂಡು, ಮಾರುಕಟ್ಟೆಗೆಂದು ಕಟ್ಟುವುದನ್ನು ಬಿಟ್ಟು ನಿಮಗೆ ಬೇಕಾದ್ದನ್ನು ಕಟ್ಟಿ ಎಂದು ಬುದ್ಧಿ ಹೇಳಿದರು. ಗೆಲುವು ಬಂದದ್ದು ಆಮೇಲೆ. ಹಾಗಾದರೆ ಕಸುಬನ್ನು ಬಿಟ್ಟದ್ದರಿಂದಲೇ ಅಲ್ಲವೇ ಗೆದ್ದದ್ದು? ಬ್ರೌನ್ ಅವರ ಮಾತಿನಿಂದ ಬದಲಾದದ್ದು ಹಾಡಿನ ವಸ್ತು; ಕಟ್ಟುವ ಕ್ರಮವಲ್ಲ. 1969ರಲ್ಲಿ ಎಲ್ಟನ್ ಅವರ ತಾಯಿಯ ಫ್ಲ್ಯಾಟಿನಲ್ಲಿ ‘ಯುವರ್ ಸಾಂಗ್’ ಹುಟ್ಟಿದ ಬಗೆಯನ್ನೇ ನೋಡಿ: ಬೆಳಗಿನ ತಿಂಡಿಯ ಹೊತ್ತಿಗೆ ಟಾಪಿನ್ ಪದ ಬರೆದುಕೊಟ್ಟರು, ಎಲ್ಟನ್ ಒಳಗೆ ಹೋಗಿ ಅರ್ಧ ಗಂಟೆಗೂ ಮುಂಚೆ ಧಾಟಿ ಕೂರಿಸಿದರು. ಅದನ್ನು ರೆಕಾರ್ಡಿಗೆ ಒಗ್ಗಿಸಿದವರು ನಿರ್ಮಾಪಕ ಗಸ್ ಡಜನ್ ಮತ್ತು ವಾದ್ಯ ಸಂಯೋಜಕ ಪಾಲ್ ಬಕ್‌ಮಾಸ್ಟರ್. ಒಬ್ಬೊಬ್ಬರಿಗೂ ಗೊತ್ತುಮಾಡಿದ ಕೆಲಸ, ಒಬ್ಬೊಬ್ಬರಿಗೂ ಒಂದು ಗೆರೆ. ಇನ್ನು ವೇಗದ ಮಾತು. 1969ರಿಂದ 1975ರೊಳಗೆ ಹತ್ತು ಸ್ಟುಡಿಯೊ ಆಲ್ಬಂಗಳು ಬಂದವು, ಒಂದು ಎರಡು ತಟ್ಟೆಯದು. 1972ರಿಂದ 75ರವರೆಗೆ ಅಮೆರಿಕದಲ್ಲಿ ಸತತ ಏಳು ಆಲ್ಬಂಗಳು, ಅದರಲ್ಲಿ ಒಂದು ಸಂಕಲನ, ಮೊದಲ ಸ್ಥಾನಕ್ಕೇರಿದವು. ಪ್ರೇರಣೆ ಬಂದಾಗ ಮಾತ್ರ ಕೂರುವವರ ಲೆಕ್ಕವಲ್ಲ ಇದು; ಹಾಳೆ ಬಂದೊಡನೆ ಕೂರುವವರದು.

ಆ ಕೂರುವ ಬಗೆಯನ್ನು ಪ್ಯಾರಿಸಿನ ಹೊರಗಿನ ಎರೂವಿಲ್ ಕೋಟೆಮನೆಯಲ್ಲಿ ಚೆನ್ನಾಗಿ ಕಾಣಬಹುದು. 1972ರಲ್ಲಿ ಅಲ್ಲಿನ ಸ್ಟುಡಿಯೊದಲ್ಲಿ ತಂಡ ಬೀಡುಬಿಟ್ಟಿತ್ತು. ಟಾಪಿನ್ ಮಹಡಿಯ ಕೋಣೆಯಲ್ಲಿ ಟೈಪ್‌ರೈಟರ್ ಮುಂದೆ. ಟೈಪಾದ ಹಾಳೆಗಳು ಕೆಳಗಿಳಿದು ಪಿಯಾನೊದ ಮೇಲೆ ಬರುತ್ತಿದ್ದವು. ಎಲ್ಟನ್ ಓದುತ್ತ, ಬೇಡದ ಸಾಲುಗಳನ್ನು ಹೊಡೆದುಹಾಕುತ್ತ ಧಾಟಿ ಹಿಡಿಯುತ್ತಿದ್ದರು. ಸ್ವಲ್ಪ ಹೊತ್ತಿನಲ್ಲಿ ಏನೂ ಹತ್ತದಿದ್ದರೆ ಹಾಳೆ ಪಕ್ಕಕ್ಕೆ. ತಿಂಡಿ ತಿನ್ನುತ್ತಿದ್ದ ವಾದಕರು ಕೇಳಿಸಿಕೊಂಡೇ ಹಾಡು ಕಲಿತು ಸೇರಿಕೊಳ್ಳುತ್ತಿದ್ದರು. ಮರುವರ್ಷ ‘ಗುಡ್‌ಬೈ ಯೆಲ್ಲೊ ಬ್ರಿಕ್ ರೋಡ್’ಗಾಗಿ ಜಮೈಕಾಕ್ಕೆ ಹೋದಾಗ ಅಲ್ಲಿನ ಸ್ಟುಡಿಯೊ ಒಗ್ಗಲಿಲ್ಲ, ಆದರೂ ಬಹುಪಾಲು ಧಾಟಿಗಳು ಹೋಟೆಲ್ ಕೋಣೆಯಲ್ಲಿ ಕೆಲವೇ ದಿನಗಳಲ್ಲಿ ಮುಗಿದಿದ್ದವು. ಸಿನಿಮಾ ಹಾಡಿನಂತೆ ಟ್ಯೂನಿಗೆ ಪದ ತುಂಬುವ ಕ್ರಮವಲ್ಲ ಇವರದು. ನಮ್ಮ ಭಾವಗೀತೆಗಳಿಗೆ ರಾಗ ಹಾಕುವವರಂತೆ ಬರೆದ ಪದದಿಂದ ಹೊರಡುವುದು. ಒಂದೇ ವ್ಯತ್ಯಾಸ, ಇಲ್ಲಿ ಕತ್ತರಿ ಧಾಟಿಗಾರನ ಕೈಯಲ್ಲಿ. ‘ಡೇನಿಯಲ್’ ಹಾಡಿನ ಅಣ್ಣ ವಿಯೆಟ್ನಾಂ ಯುದ್ಧದಿಂದ ಗಾಯಗೊಂಡು ಬಂದವನೆಂದು ಟಾಪಿನ್ ಕೊನೆಯ ಚರಣದಲ್ಲಿ ಬಿಡಿಸಿದ್ದರು. ಹಾಡು ಉದ್ದವಾಯಿತೆಂದು ಎಲ್ಟನ್ ಆ ಚರಣವನ್ನೇ ತೆಗೆದರು. ಅರ್ಥ ಮಸುಕಾಯಿತು, ಹಾಡು ಉಳಿಯಿತು. ಕವಿಗೆ ಇದು ನೋವಿನ ಸಂಗತಿಯೇ ಇರಬಹುದು. ಕಸುಬಿನಲ್ಲಿ ಇದು ದಿನನಿತ್ಯದ್ದು.

ಇನ್ನೊಂದು ಆಕ್ಷೇಪ ಪ್ರಾಮಾಣಿಕತೆಯದು. 1970ರ ಆಗಸ್ಟ್ 25ರಂದು ಲಾಸ್ ಏಂಜಲೀಸಿನ ಟ್ರೂಬಡೂರ್ ಕ್ಲಬ್ಬಿನಲ್ಲಿ ಎಲ್ಟನ್ ಒಂದೇ ರಾತ್ರಿಗೆ ಹೆಸರಾದಾಗ ಅಮೆರಿಕ ಅವರನ್ನು ಜೇಮ್ಸ್ ಟೇಲರ್ ಸಾಲಿನಲ್ಲಿ, ತನ್ನ ಬದುಕನ್ನು ತಾನೇ ಬರೆದು ಹಾಡುವವರ ಸಾಲಿನಲ್ಲಿ ಕೂರಿಸಿತು. ಇನ್ನೊಬ್ಬರ ಪದಕ್ಕೆ ತನ್ನ ಕಂಠ ಕೊಟ್ಟವನನ್ನು ಹಾಗೆ ನಂಬಿದ್ದು ಮೋಸಹೋದಂತಲ್ಲವೇ? ಹೋಲಿಕೆಗೆ ಕ್ಯಾರೊಲ್ ಕಿಂಗ್ ಇದ್ದಾರೆ. ನ್ಯೂಯಾರ್ಕಿನ ಇಂಥದೇ ಪೇಟೆಯಲ್ಲಿ ಜೆರಿ ಗಾಫಿನ್ ಪದಗಳಿಗೆ ಧಾಟಿ ಹಾಕುತ್ತಿದ್ದವರು ತಾವೇ ಪದ ಬರೆಯತೊಡಗಿ, 1971ರ ‘ಟ್ಯಾಪೆಸ್ಟ್ರಿ’ಯಲ್ಲಿ ಹಳೆಯ ಪೇಟೆಯಿಂದ ಹೊರಬಂದರು. ಎಲ್ಟನ್ ಹೊರಬರಲಿಲ್ಲ. ಪಶ್ಚಿಮ ಅಮೆರಿಕದ ಕನಸು ಕಂಡ ಹಳ್ಳಿಹುಡುಗನ ಪದಗಳನ್ನು ಪಿನ್ನರಿನ ನಾಚಿಕೆಯ ಹುಡುಗ ಹಾಡಿದ. ತನ್ನದಲ್ಲದ ಮಾತನ್ನು ತನ್ನದೆನಿಸುವಂತೆ ಹಾಡುವುದು ಮೋಸವಾದರೆ ರಂಗಭೂಮಿಯೂ ಮೋಸ. 1976ರಲ್ಲಿ ‘ರೋಲಿಂಗ್ ಸ್ಟೋನ್’ ಸಂದರ್ಶನದಲ್ಲಿ ತಾನು ಉಭಯಲಿಂಗಾಸಕ್ತನೆಂದು ಹೇಳಿಕೊಳ್ಳುವ ಮೊದಲು ಬಾಯಿಬಿಟ್ಟು ಹೇಳಲಾಗದ್ದು ಬಹಳವಿದ್ದ ಮನುಷ್ಯನಿಗೆ ಈ ಮರೆ ಅನುಕೂಲವೂ ಆಗಿದ್ದೀತು.

ವೇಷದ ಮಾತಿಗೆ ಬಂದರೆ, ಅದೂ ಹೊಸದಲ್ಲ. ಗಿಟಾರಿನವನು ವೇದಿಕೆಯ ತುಂಬ ಓಡಾಡಬಲ್ಲ. ಪಿಯಾನೊದವನು ಜನರಿಗೆ ಪಕ್ಕೆ ತೋರಿಸಿ ಒಂದೇ ಕಡೆ ಕೂರಬೇಕು. ಕಣ್ಣು ಸೆಳೆಯಲು ಪಿಯಾನೊದವರು ಏನಾದರೊಂದು ಹೂಡುತ್ತಲೇ ಬಂದಿದ್ದಾರೆ. ಬಾಲ್ಯದಲ್ಲಿ ಎಲ್ಟನ್ ಮೆಚ್ಚಿದ ವಿನಿಫ್ರೆಡ್ ಆಟ್ವೆಲ್ ಟ್ರಿನಿಡಾಡಿನವರು, ರಾಯಲ್ ಅಕಾಡೆಮಿಯಲ್ಲೇ ಕಲಿತವರು, 1954ರಲ್ಲಿ ಬ್ರಿಟನ್ನಿನ ಜನಪ್ರಿಯತಾ ಪಟ್ಟಿಯ ತುದಿಗೇರಿದ ಮೊದಲ ಕಪ್ಪು ಕಲಾವಿದೆ. ದೊಡ್ಡ ಪಿಯಾನೊದಲ್ಲಿ ಶಾಸ್ತ್ರೀಯ ಕೃತಿಯೊಂದನ್ನು ಮುಗಿಸಿ, ಗುಜರಿಯಿಂದ ತಂದ ತಮ್ಮ ‘ಇನ್ನೊಂದು ಪಿಯಾನೊ’ದತ್ತ ತಿರುಗಿ ಕೂರುವುದೇ ಅವರ ಕಾರ್ಯಕ್ರಮದ ಘಟ್ಟ. ಎಲ್ಟನ್ ಕೀಲಿಮಣೆಯ ಮೇಲೆ ಕೈಯೂರಿ ಕಾಲು ಮೇಲೆತ್ತಿದ್ದು ಈ ವಂಶದ್ದೇ ವಿದ್ಯೆ.

ನನ್ನ ವಾದಕ್ಕೆ ನಿಜವಾಗಿ ಅಡ್ಡಬರುವುದು ಎಪ್ಪತ್ತರ ದಶಕದ ಕೊನೆ. ಟಾಪಿನ್ ದೂರವಾಗಿ ಗ್ಯಾರಿ ಆಸ್ಬೋರ್ನ್ ಬಂದರು. ಈಗ ಧಾಟಿ ಮೊದಲು, ಪದ ಆಮೇಲೆ. 1980ರ ‘ಲಿಟಲ್ ಜೀನಿ’ ಅಮೆರಿಕದಲ್ಲಿ ಮೂರನೆಯ ಸ್ಥಾನ ತಲುಪಿತು, ಹಾಗಾಗಿ ಆ ಕ್ರಮ ಸೋತಿತೆನ್ನಲಾಗದು. ಆದರೆ ಆ ವರ್ಷಗಳಿಂದ ಜನರ ಬಾಯಲ್ಲಿ ಉಳಿದ ಹಾಡುಗಳು ಕೆಲವೇ, ಮತ್ತು 1983ರ ಹೊತ್ತಿಗೆ ಎಲ್ಟನ್ ತಾವಾಗಿಯೇ ಟಾಪಿನ್ ಹಾಳೆಗಳತ್ತ ಮರಳಿದ್ದರು. ಕಸುಬಿನ ಇನ್ನೊಂದು ಮುಖ ಕೋರ್ಟಿನಲ್ಲಿ ಬಯಲಾಯಿತು. ಹಳೆಯ ಹಾಡುಗಳ ಹಕ್ಕು ಮರಳಿ ಬೇಕೆಂದು ಇಬ್ಬರೂ ಡಿಕ್ ಜೇಮ್ಸ್ ಮೇಲೆ ದಾವೆ ಹೂಡಿದರು. 1967ರ ಕರಾರು ನ್ಯಾಯದ್ದಲ್ಲವೆಂದು 1985ರಲ್ಲಿ ನ್ಯಾಯಾಧೀಶರು ಒಪ್ಪಿದರು. ಆದರೆ ಕೇಳಲು ಬಹಳ ತಡಮಾಡಿದಿರಿ ಎಂದು ಹಕ್ಕನ್ನು ಜೇಮ್ಸ್ ಬಳಿಯೇ ಬಿಟ್ಟು, ವಿದೇಶಿ ಶಾಖೆಗಳ ಮೂಲಕ ಕಡಿತವಾಗಿದ್ದ ರಾಯಲ್ಟಿಯನ್ನು ಲೆಕ್ಕಹಾಕಿ ಕೊಡಿಸಿದರು. ಕೂಲಿ ಸಿಕ್ಕಿತು, ಹೊಲ ಸಿಗಲಿಲ್ಲ.

1997ರ ಆಗಸ್ಟ್ 31ರಂದು ರಾಜಕುಮಾರಿ ಡಯಾನಾ ತೀರಿಕೊಂಡಾಗ, ಮರಿಲಿನ್ ಮನ್ರೋ ಕುರಿತ 1973ರ ಹಾಡಿಗೆ ಟಾಪಿನ್ ಹೊಸ ಪದ ಬರೆದುಕೊಟ್ಟರು. ಸೆಪ್ಟೆಂಬರ್ 6ರಂದು ವೆಸ್ಟ್‌ಮಿನ್‌ಸ್ಟರ್ ಅಬೆಯಲ್ಲಿ ಹಾಡಿ, ಅದೇ ದಿನ ಜಾರ್ಜ್ ಮಾರ್ಟಿನ್ ಅವರೊಂದಿಗೆ ಎಲ್ಟನ್ ಅದನ್ನು ರೆಕಾರ್ಡು ಮಾಡಿದರು. ಮೂರು ಕೋಟಿಗೂ ಹೆಚ್ಚು ಪ್ರತಿಗಳು ಮಾರಾಟವಾದವು. ಸಂದರ್ಭಕ್ಕೆ ತಕ್ಕಂತೆ ವಾರದೊಳಗೆ ಹಾಡು ಒದಗಿಸುವುದು ಡೆನ್ಮಾರ್ಕ್ ಸ್ಟ್ರೀಟಿನ ಹಳೆಯ ಚಾಳಿ. ಅಷ್ಟರಲ್ಲಿ ಎಲ್ಟನ್ ಬೇರೆಯವರ ಕಂಠಕ್ಕೆ ಹಾಡು ಕಟ್ಟುವ ಮೊದಲ ಕೆಲಸಕ್ಕೂ ಮರಳಿದ್ದರು. 1994ರಲ್ಲಿ ಟಿಮ್ ರೈಸ್ ಜೊತೆ ‘ದಿ ಲಯನ್ ಕಿಂಗ್’ ಚಿತ್ರದ ಹಾಡುಗಳು, ಅದಕ್ಕೆ ಆಸ್ಕರ್; ಮುಂದೆ 2005ರಲ್ಲಿ ಲೀ ಹಾಲ್ ಪದಗಳಿಗೆ ‘ಬಿಲ್ಲಿ ಎಲಿಯಟ್’ ನಾಟಕದ ಸಂಗೀತ. ಲುಲುಗೆ ಕಟ್ಟಿದ್ದು ಕೊನೆಯ ಸ್ಥಾನಕ್ಕೆ ಬಿದ್ದಿತ್ತು. ‘ಬಿಲ್ಲಿ ಎಲಿಯಟ್’ ಲಂಡನ್ನಿನ ವಿಕ್ಟೋರಿಯಾ ಪ್ಯಾಲೇಸ್ ರಂಗಮಂದಿರದಲ್ಲಿ 2016ರವರೆಗೆ ನಡೆಯಿತು, ಹಾಡಿದವರು ಸರದಿಯ ಮೇಲೆ ಬರುವ ಹುಡುಗರು.